ಪ್ಲಾಸ್ಟರ್ ಕಾಣದ ಕಂಬ

ಮೂವತ್ತೊಂದು ವರ್ಷ ನಾನು ಮುಂಬಯಿಯಲ್ಲಿ ಕಾಂಕ್ರೀಟಿಗೆ ನೀರು ಹೊಡೆದೆ. ಏನು ಕೆಲಸ ಎಂದು ಕೇಳಿದವರಿಗೆ ಹೀಗೇ ಹೇಳುತ್ತಿದ್ದೆ. ಇಷ್ಟೇನಾ ಎನ್ನುತ್ತಿದ್ದರು. ಇಷ್ಟೇ. ಹಾಕಿದ ಕಾಂಕ್ರೀಟು ಹಸಿಯಾಗಿದ್ದಷ್ಟು ದಿನ ಗಟ್ಟಿಯಾಗುತ್ತ ಹೋಗುತ್ತದೆ, ಬೇಗ ಒಣಗಿದರೆ ಬಿರಿಯುತ್ತದೆ. ಅದನ್ನು ಒಣಗಲು ಬಿಡದೆ ಕಾಯುವುದು ನಮ್ಮ ಕೆಲಸ. ಹತ್ತು ದಿನ, ಕೆಲವು ಕಡೆ ಹದಿನಾಲ್ಕು ದಿನ. ಆಮೇಲೆ ಬೇರೆ ಕಟ್ಟಡ.

ಈಗ ಮೊಣಕಾಲು ಹೋಗಿದೆ, ಮನೆಯಲ್ಲಿದ್ದೇನೆ. ನಮ್ಮ ಆಂಟಾಪ್ ಹಿಲ್ಲಿನಿಂದ ಹೊಸದಾಗಿ ನಾಕಾಕ್ಕೆ ಹೋಗಿ ನಿಲ್ಲುವ ಹೆಣ್ಣುಮಕ್ಕಳು ಆಗಾಗ ಬಂದು ಕೂರುತ್ತಾರೆ. ನಾಕಾ ಎಂದರೆ ಕೂಲಿಯವರು ಬೆಳಗ್ಗೆ ನಿಂತು, ಕೆಲಸಕ್ಕೆ ಕರೆದೊಯ್ಯುವ ಮುಕಾದಮನ ದಾರಿ ಕಾಯುವ ರಸ್ತೆಯ ಮೂಲೆ. "ಅಜ್ಜಿ, ಕೆಲಸ ಹ್ಯಾಂಗ ಇರತೈತಿ ಹೇಳ" ಎಂದು ಕೇಳುತ್ತಾರೆ. ಹೇಳಿದ್ದರಲ್ಲಿ ಅರ್ಧ ಕೇಳಿ, ಫೋನು ಬಂತೆಂದು ಎದ್ದುಹೋಗುತ್ತಾರೆ. ಅದಕ್ಕೆ ಬರೆದೆ. ನಾಲ್ಕನೆಯ ಇಯತ್ತೆಯವರೆಗೆ ಓದಿದವಳು ನಾನು. ಪಕ್ಕದ ಬಿಲ್ಡಿಂಗಿನ ಕನ್ನಡ ಟೀಚರಮ್ಮ ಕಾಗುಣಿತ ತಿದ್ದಿಕೊಟ್ಟರು. ಮಾತು ತಿದ್ದಲು ನಾನು ಬಿಡಲಿಲ್ಲ.

ಕೆಲಸ ಕಲಿಸಿದವಳು ಸಿಂದಗಿ ಕಡೆಯ ಹಣಮವ್ವ. ಅವಳು ಬಾಯಿಂದ ಕಲಿಸಲಿಲ್ಲ. ಸಯನ್‌ನ ಒಂದು ಬಿಲ್ಡಿಂಗಿನಲ್ಲಿ ನಾನು ಹೊಸಬಳಾಗಿದ್ದಾಗ ಹಸಿ ಸ್ಲ್ಯಾಬಿನ ಮೇಲೆ ಗೋಣಿಚೀಲ ಹಾಸಿ ನೀರು ಸುರಿದೆ. ಆಗ ಎಲ್ಲ ಕಡೆ ಗೋಣಿಯದೇ ಕೆಲಸ. ಗೋಣಿ ನೀರು ಹಿಡಿದುಕೊಳ್ಳುತ್ತದೆ, ಬಿಸಿಲು ತಡೆಯುತ್ತದೆ. ಮರುದಿನ ನೋಡಿದರೆ ಒಂದು ಚೀಲದಗಲ ಜಾಗ ಗಟ್ಟಿಯಾಗಿಯೇ ಇಲ್ಲ. ಉಗುರಿನಲ್ಲಿ ಕೆರೆದರೆ ಎದ್ದುಬರುತ್ತಿತ್ತು. ಹಣಮವ್ವ ಆ ಚೀಲದ ಮೂಲೆಯನ್ನು ನನ್ನ ಬಾಯಿಗೆ ಹಿಡಿದಳು.

"ನೆಕ್ಕ."

ನೆಕ್ಕಿದೆ. ಸಿಹಿ ಇತ್ತು. ಸಕ್ಕರೆ ಚೀಲ. ಸಕ್ಕರೆ ತಾಗಿದರೆ ಸಿಮೆಂಟು ಹಿಡಿಯುವುದಿಲ್ಲ ಎಂದು ನನಗೆ ಗೊತ್ತಾದದ್ದು ಹಾಗೆ. ಅಂದಿನಿಂದ ಯಾವ ಚೀಲವನ್ನೂ ಮೂಸದೆ, ಅನುಮಾನ ಬಂದರೆ ನೆಕ್ಕದೆ, ಹಾಸಿದವಳಲ್ಲ. ಬೈಕುಲ್ಲಾದ ಮಾರ್ಕೆಟಿನಿಂದ ಖಾಲಿ ಚೀಲದ ಕಟ್ಟು ಬರುತ್ತಿತ್ತು. ಅಕ್ಕಿಯದು ಒಳ್ಳೆಯದು, ಗೋಧಿಯದು ನಡೆಯುತ್ತದೆ. ಸಕ್ಕರೆ, ಬೆಲ್ಲ, ಉಪ್ಪು, ಗೊಬ್ಬರದ ಚೀಲ ಬೇಡವೇ ಬೇಡ. ಒಂದೊಂದನ್ನೇ ಮೂಗಿಗೆ ಹಿಡಿದು ಬೇರೆ ಮಾಡುತ್ತಿದ್ದೆ. ಬೇರೆ ಹೆಂಗಸರು ನಗುತ್ತಿದ್ದರು. ನಗಲಿ. ನನ್ನ ಕೈಯ ಸ್ಲ್ಯಾಬು ಬಿರಿಯುತ್ತಿರಲಿಲ್ಲ.

ಆ ಸಕ್ಕರೆ ಚೀಲದ ಜಾಗ ಏನಾಯಿತು? ಕೆರೆದು ತೆಗೆದು, ಮೇಲೆ ಸಿಮೆಂಟು ಮರಳಿನ ಮಸಾಲೆ ಮೆತ್ತಿದರು. ಯಾರಿಗೂ ಕಾಣಲಿಲ್ಲ. ನಮ್ಮ ಧಂದೆಯಲ್ಲಿ ಪ್ಲಾಸ್ಟರಿನಂಥ ಗೆಳೆಯ ಇನ್ನೊಬ್ಬನಿಲ್ಲ. ಕಂಬ ಸೊಟ್ಟಗಾದರೂ, ಜೇನುಗೂಡಿನಂತೆ ತೂತು ಬಿದ್ದರೂ ಪ್ಲಾಸ್ಟರು ನುಂಗುತ್ತಿತ್ತು. ಒಬ್ಬ ಇಂಜಿನಿಯರ ಸಾಹೇಬ ಇದ್ದ. ಮೆಟ್ಟಿಲು ಹತ್ತಿ ಬಂದು ಬೂಟಿನ ತುದಿಯಿಂದ ಸ್ಲ್ಯಾಬು ಒತ್ತಿ ನೋಡುತ್ತಿದ್ದ. ಒದ್ದೆ ಇದ್ದರೆ ಹೊರಟುಹೋಗುತ್ತಿದ್ದ. ಮೆಟ್ಟಿಲ ಹತ್ತಿರದ ನಾಲ್ಕು ಹೆಜ್ಜೆ ಮಾತ್ರ ನೆನೆಸಿ ನೆರಳಿನಲ್ಲಿ ಕೂತ ದಿನಗಳು ನನಗೂ ಇವೆ. ಸುಳ್ಳು ಯಾಕೆ ಬರೆಯಲಿ. ಆ ಕಟ್ಟಡದ ಬಿರುಕುಗಳನ್ನೂ ಪ್ಲಾಸ್ಟರೇ ಮುಚ್ಚಿತು.

ನಾನು ಹೇಳಬೇಕಾಗಿರುವುದು ಪ್ಲಾಸ್ಟರೇ ಇಲ್ಲದ ಒಂದು ಕೆಲಸದ ಸಂಗತಿ.

ಸಯನ್ ಹತ್ತಿರದ ಒಂದು ಸಾರ್ವಜನಿಕ ಬಾಗಿನಲ್ಲಿ, ಎಂದರೆ ಉದ್ಯಾನದಲ್ಲಿ, ಮಂಟಪ ಕಟ್ಟುವ ಕೆಲಸ ಬಂತು. ಡ್ರಾಯಿಂಗಿನಲ್ಲಿ ಅದಕ್ಕೆ ಪೆವಿಲಿಯನ್ ಎಂದು ಬರೆದಿತ್ತು. ನಮ್ಮ ಮುಕಾದಮ ಬಸಣ್ಣ ಆ ಕಾಗದ ಬಿಚ್ಚಿ, ಹಿಂದೆ ಮುಂದೆ ತಿರುಗಿಸಿ, "ಇಷ್ಟೇನ? ಉಳಿದ ಹಾಳಿ ಎಲ್ಲಿ?" ಎಂದು ಕೇಳಿದ. ಉಳಿದ ಹಾಳೆ ಇರಲಿಲ್ಲ. ನಾಲ್ಕು ತೆಳ್ಳನೆಯ ಕಂಬ, ಅವುಗಳ ಮೇಲೆ ಒಂದು ಗೇಣೂ ದಪ್ಪವಿಲ್ಲದ ಚಪ್ಪಟೆ ಸ್ಲ್ಯಾಬು, ಕೆಳಗೆ ಕೂರಲು ಒಂದು ಉದ್ದನೆಯ ಕಟ್ಟೆ. ಗೋಡೆ ಇಲ್ಲ, ಬಾಗಿಲಿಲ್ಲ, ಕಂಬಿಯ ಹೂಬಳ್ಳಿ ಇಲ್ಲ, ಬಣ್ಣ ಇಲ್ಲ. ಮಳೆನೀರು ಇಳಿಯುವ ಪೈಪು ಕೂಡ ಕಂಬದ ಹೊಟ್ಟೆಯೊಳಗೆ. ಪ್ಲಾಸ್ಟರು ಎಲ್ಲಿಯೂ ಇಲ್ಲ. ಕಾಂಕ್ರೀಟು ಸುರಿಯಲು ಕಟ್ಟಿದ ಸೆಂಟ್ರಿಂಗಿನ ಹಲಗೆ ಬಿಚ್ಚಿದಾಗ ಹೇಗಿರುತ್ತದೋ ಕೊನೆಯವರೆಗೂ ಹಾಗೆಯೇ.

ಇದನ್ನು ಮಾಡಿದ್ದು ಅಶ್ವಿನಿ ಮೇಡಂ ಎಂಬ ಆರ್ಕಿಟೆಕ್ಟ್. ಮೂವತ್ತರ ಒಳಗಿನ ಹುಡುಗಿ. ತಾಯಿಯ ಕಡೆಯವರು ಧಾರವಾಡದವರಂತೆ, ಕನ್ನಡ ತಿಳಿಯುತ್ತಿತ್ತು, ಆಡುವಾಗ ಎಡವುತ್ತಿದ್ದಳು. ಪ್ರತಿದಿನ ಬಂದು ಹಲಗೆಯ ಸಂದಿಯಲ್ಲಿ ಬೆರಳಾಡಿಸಿ ನೋಡುತ್ತಿದ್ದಳು. ಬೆಳಗ್ಗೆ ವಾಕಿಂಗಿಗೆ ಬರುವ ಮುದುಕರು ನಮ್ಮನ್ನು ಕೇಳುತ್ತಿದ್ದರು, ಗೋಡೆ ಯಾವಾಗ ಕಟ್ಟುತ್ತೀರಿ ಎಂದು. ನನಗೂ ನಗು. ಒಂದು ದಿನ ಅವಳನ್ನೇ ಕೇಳಿದೆ.

"ಮೇಡಂ, ನಾಕ ಕಾಲ ಮ್ಯಾಲ ಒಂದ ಹಲಗಿ ಇಡಾಕ ಇಷ್ಟ ಓದಬೇಕೇನ್ರಿ?"

ಅವಳು ಸಿಟ್ಟಾಗಲಿಲ್ಲ. ನನ್ನನ್ನು ಮೌಶಿ, ಚಿಕ್ಕಮ್ಮ, ಎನ್ನುತ್ತಿದ್ದಳು. "ಬಹಳ ಓದಬೇಕು, ಮೌಶಿ. ಏನೇನು ಬೇಡ ಅಂತ... ತೆಗೀಲಿಕ್ಕೆ." ಆಮೇಲೆ ಪಕ್ಕದ ದೊಡ್ಡ ಮಳೆಮರ ತೋರಿಸಿದಳು. "ಇಲ್ಲಿ ಕೂತವರಿಗೆ ಅದು ಕಾಣಬೇಕು. ನನ್ನ ಬಿಲ್ಡಿಂಗ್ ನಹೀ. ಸಮಝೀ?"

ತಿಳಿಯಿತು ಎಂದೆ. ತಿಳಿದಿರಲಿಲ್ಲ.

ಇನ್ನೊಂದು ಮಾತನ್ನು ಅವಳು ಬಸಣ್ಣನ ಮುಂದೆ, ನಮ್ಮೆಲ್ಲರ ಮುಂದೆ ಹೇಳಿದಳು. "ಮೌಶಿ, ಇಲ್ಲಿ ಗೋಣಿ ಚಲೇಗಾ ನಹೀ. ಗೋಣಿ ಬಣ್ಣ ಬಿಡ್ತದ. ಬಿಳಿ ಬಟ್ಟೆ ಕೊಡ್ತೀನಿ, ಅದೇ ಸುತ್ತಬೇಕು." ಗೋಣಿ ನೆನೆದರೆ ಕಂದು ನೀರು ಬಿಡುವುದು ನಿಜ. ಆದರೆ ಪ್ಲಾಸ್ಟರು ಇದ್ದಷ್ಟು ಕಾಲ ಅದನ್ನು ಯಾರು ನೋಡುತ್ತಿದ್ದರು? ಇಷ್ಟು ವರ್ಷ ಗೋಣಿಯಲ್ಲೇ ಮಾಡಿದವಳಿಗೆ ಈ ಹುಡುಗಿ ಬಟ್ಟೆ ಸುತ್ತುವುದನ್ನು ಹೇಳಿಕೊಡುತ್ತಾಳೆ ಎಂದುಕೊಂಡೆ. ತಪ್ಪು ಅಲ್ಲಿಂದಲೇ ಶುರುವಾಯಿತು.

ನೀರಿನ ಕೆಲಸಕ್ಕೆ ನನ್ನ ಜೊತೆ ಇದ್ದವಳು ನೀಲವ್ವ. ಇಂಡಿ ತಾಲೂಕಿನವಳು, ನಮ್ಮ ಚಾಳಿನಿಂದ ಎರಡು ಗಲ್ಲಿ ಆಚೆ ಇದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಬಾಯಲ್ಲಿ ಸದಾ ಎಲೆ ಅಡಿಕೆ. ಆದರೆ ಒಂದು ರೂಢಿ ಇತ್ತು ಅವಳಿಗೆ. ಹಳೆಯ ಒಂದು ಪೌಡರ್ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು, ಉಗುಳಬೇಕಾದಾಗ ಅದರೊಳಗೇ. ಸಂಜೆ ಮನೆಗೆ ಹೋಗಿ ಮೋರಿಗೆ ಚೆಲ್ಲಿ ತೊಳೆಯುತ್ತಿದ್ದಳು. "ಏ ನೀಲಿ, ಡಬ್ಬಿ ಬ್ಯಾಂಕಿಗೆ ಹಾಕ್ತಿಯೇನ?" ಎಂದು ಗಂಡಸರು ಕೀಟಲೆ ಮಾಡುತ್ತಿದ್ದರು. "ನಿಮ್ಮ ಹಾಂಗ ಜಿನಾದ ಮೆಟ್ಟಲಿಗೆ ಬಣ್ಣ ಬಳಿಯಾಕ ನನಗ ಬರಂಗಿಲ್ಲಪ್ಪ" ಎನ್ನುತ್ತಿದ್ದಳು. ಕೆಲಸದ ಜಾಗದಲ್ಲಿ ಅವಳು ಮಣ್ಣಿಗೂ ಉಗುಳಿದ್ದನ್ನು ನಾನು ನೋಡಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಏಪ್ರಿಲ್ ಕೊನೆ. ನಾಲ್ಕು ಕಂಬ ಒಂದೇ ದಿನ ಹಾಕಿ, ಮರುದಿನ ಹಲಗೆ ಬಿಚ್ಚಿದರು. ಇಷ್ಟು ವರ್ಷದಲ್ಲಿ ಹಾಗೆ ಬಂದ ಕಂಬ ನಾನು ನೋಡಿರಲಿಲ್ಲ. ಅಂಚು ಚಾಕುವಿನಲ್ಲಿ ಕೊಯ್ದಂತೆ, ಮೈ ತೊಳೆದ ಹಾಸುಗಲ್ಲಿನಂತೆ. ಮೇಡಂ ಅದರ ಮೈಮೇಲೆ ಕೈ ಆಡಿಸಿದಳು. ಬಿಳಿ ಬಟ್ಟೆ ಮೂರು ಕಂಬಕ್ಕೆ ಸಾಕಾಯಿತು, ನಾಲ್ಕನೆಯದಕ್ಕೆ ಸಾಲಲಿಲ್ಲ. "ಸಂಜೆಗೆ ಕಳಿಸ್ತೀನಿ, ಅಲ್ಲೀತನಕ ನೀರು ಹಾಕ್ತಾ ಇರ್ರಿ" ಎಂದು ಹೇಳಿ ಹೋದಳು.

ಬಿಸಿಲು ಏರಿತು. ನಾಲ್ಕನೆಯ ಕಂಬಕ್ಕೆ ಎಷ್ಟು ನೀರು ಹೊಡೆದರೂ ಪೈಪು ಆಚೆ ತಿರುಗಿಸುವಷ್ಟರಲ್ಲಿ ಒಣಗುತ್ತಿತ್ತು. ನೀಲವ್ವ ನೆರಳಿನಲ್ಲಿ ಊಟಕ್ಕೆ ಕೂತಿದ್ದಳು. ಬೇರೆ ಸೈಟಿಗೆ ಹೋಗಬೇಕಿದ್ದ ಗೋಣಿಯ ಕಟ್ಟು ಮೂಲೆಯಲ್ಲಿ ಬಿದ್ದಿತ್ತು. ನಾನು ಎರಡು ಚೀಲ ಎಳೆದೆ. ಮೂಸಿದೆ. ಆ ದಿನ ನನಗೆ ನೆಗಡಿ, ಮೂಗು ಪೂರ್ತಿ ಕಟ್ಟಿತ್ತು, ಏನೂ ತಿಳಿಯಲಿಲ್ಲ. ನೀಲವ್ವನನ್ನು ಕರೆದು ಮೂಸು ಎನ್ನಬಹುದಿತ್ತು. ಕರೆಯಲಿಲ್ಲ. ಚೀಲ ನೋಡುವುದರಲ್ಲಿ ನಾನೇ ದೊಡ್ಡವಳು ಎಂದು ಎಲ್ಲರೂ ಒಪ್ಪಿಕೊಂಡಿದ್ದ ಜಾಗದಲ್ಲಿ ಇನ್ನೊಬ್ಬಳ ಮೂಗು ಕೇಳುವುದು ನನಗೆ ಆಗಲಿಲ್ಲ. ಒಂದು ಮೂಲೆ ನೆಕ್ಕಿದೆ. ಸಿಹಿ ಇಲ್ಲ, ಉಪ್ಪಿಲ್ಲ. ಸಾಕು ಎಂದು ಕಂಬಕ್ಕೆ ಸುತ್ತಿ, ಹುರಿ ಬಿಗಿದು, ನೀರು ಹೊಡೆದೆ. ಸಂಜೆ ಬಟ್ಟೆ ಬಂತು. ಬೆಳಗ್ಗೆ ಬದಲಿಸಿದರಾಯಿತು ಎಂದು ಹೊರಟೆ.

ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದೆ. ಚೀಲ ಬಿಚ್ಚಿದೆ. ಕಂಬದ ಮೇಲೆ ಸೊಂಟದೆತ್ತರದಿಂದ ಕೆಳಗೆ ಕೆಂಪು. ಕುಂಕುಮದ ಕೆಂಪು. ನಾಲ್ಕೈದು ಕಡೆ ಗೆರೆಗೆರೆಯಾಗಿ ಇಳಿದಿತ್ತು.

ಚೀಲದ ಹೊಲಿಗೆ ಬಿಡಿಸಿ ನೋಡಿದೆ, ಒಳಗೆ ಹಳದಿ ಪುಡಿ. ಅರಿಶಿನದ ಚೀಲ. ಆರತಿ ನೀರು ಮಾಡುವ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ: ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಸಿಮೆಂಟಿನಲ್ಲಿ ಇರುವುದೂ ಸುಣ್ಣದ ಗುಣವೇ. ಹಸಿ ಕಂಬದ ಮೈಮೇಲೆ ನಾನು ರಾತ್ರಿಯಿಡೀ ಆರತಿ ನೀರು ಕಲಸಿಟ್ಟಿದ್ದೆ.

ತಿಕ್ಕಿದೆ, ಹೋಗಲಿಲ್ಲ. ಆಗ ನಾನು ಮಾಡಿದ್ದನ್ನು ಬರೆಯುತ್ತೇನೆ. ಎರಡೂ ಚೀಲ ಮಡಚಿ, ಬಾಗಿನ ಹಿಂಬದಿಯಲ್ಲಿ ಒಣ ಎಲೆ ಕೊಳೆಹಾಕುವ ಗುಂಡಿಯಲ್ಲಿ ಹೂತೆ. ಕಂಬಕ್ಕೆ ಬಿಳಿ ಬಟ್ಟೆ ಸುತ್ತಿದೆ. ಜನ ಬರುವ ಹೊತ್ತಿಗೆ ಪೈಪು ಹಿಡಿದು ನಿಂತಿದ್ದೆ.

ಹತ್ತು ಗಂಟೆಗೆ ಮೇಡಂ ಬರುವಳೆಂದು ಬಸಣ್ಣ ತಾನೇ ಬಟ್ಟೆ ಬಿಚ್ಚಿ ತೋರಿಸಲು ಹೋದ. ನಾಲ್ಕನೆಯದರ ಮುಂದೆ ನಿಂತುಬಿಟ್ಟ. ನಂತರ ತಿರುಗಿ ನೋಡಿದ. ನನ್ನನ್ನಲ್ಲ, ನೀಲವ್ವನ ಕೆಂಪು ಬಾಯನ್ನು. ಗೋಣಿ ಬಿಡುವುದು ಕಂದು ನೀರು, ಇಂಥ ಕೆಂಪು ಗೋಣಿಯದು ಎಂದು ಯಾರಿಗೂ ಹೊಳೆಯಲಿಲ್ಲ.

"ಏ ನೀಲಿ, ಇದೇನ? ಎಲಿ ತಿಂದು ಕಂಬಕ್ಕ ಉಗುಳೀ?"

"ನಾನ? ಬಸಣ್ಣಾರ, ನನ್ನ ಡಬ್ಬಿ ಐತಿ ನೋಡ್ರಿ ಇಲ್ಲಿ. ಮಣ್ಣಿಗೆ ಉಗುಳಾಕಿ ಅಲ್ಲ ನಾ, ಕಂಬಕ್ಕ ಉಗುಳ್ತೀನೇನು?"

"ಡಬ್ಬಿ ತೋರಸ್ತಾಳ! ಬಟ್ಟಿ ಸುತ್ತೂ ಮುಂದ ಉಗುಳೀದಿ, ಮ್ಯಾಲ ಮುಚ್ಚೀದಿ."

"ಬಟ್ಟಿ ಸುತ್ತಿದಾಕಿ ನಾ ಅಲ್ಲ. ಅಕ್ಕನ್ನ ಕೇಳ್ರಿ. ಅಕ್ಕಾ, ಹೇಳ ನೀ."

ನೀಲವ್ವ ನನ್ನ ಕಡೆ ನೋಡಿದಳು. ಎಲ್ಲರೂ ನೋಡಿದರು. ನಾನು ಪೈಪಿನ ತುದಿ ನೋಡಿದೆ. ಅದರಿಂದ ನೀರು ಬರುತ್ತಿತ್ತು. "ನನಗೇನ ಗೊತ್ತು" ಎಂದೆ.

ಈ ಎರಡು ಶಬ್ದ ಬರೆಯಲು ನಾನು ಇಷ್ಟು ದೂರ ಬಂದದ್ದು. ಕೆಲಸ ಹೋದೀತೆಂಬ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚು ಇದ್ದದ್ದು ಮಾನ. ನೀರಿನ ಕೆಲಸದಲ್ಲಿ ಇವಳ ಕೈ ತಪ್ಪುವುದಿಲ್ಲ ಎಂದು ಮೂರು ಮುಕಾದಮರು ಹೇಳುತ್ತಿದ್ದರು. ಆ ಮಾತು ಉಳಿಯಲೆಂದು ಒಬ್ಬಳನ್ನು ಬಿಟ್ಟುಕೊಟ್ಟೆ.

ಬಸಣ್ಣ ಅವಳನ್ನು ಅಲ್ಲಿಂದಲೇ ಹೊರಗೆ ಕಳಿಸಿದ. ನೀಲವ್ವ ಊಟದ ಗಂಟು ತೆಗೆದುಕೊಂಡು, ಡಬ್ಬಿಯ ಮುಚ್ಚಳ ತಿರುಗಿಸುತ್ತ ಗೇಟಿನ ಕಡೆ ನಡೆದಳು.

ಮೇಡಂ ಬಂದು ಕಂಬ ನೋಡಿದಳು. ಬಸಣ್ಣ ಆಸಿಡ್ ಹಾಕಿ ತಿಕ್ಕುತ್ತೇನೆಂದ. "ನಹೀ. ಮೇಲಿನ ಚರ್ಮ ತಿಂದುಬಿಡ್ತದ" ಎಂದಳು. ಬಣ್ಣ ಬಳಿಯೋಣವೆಂದ. ಬೇಡವೆಂದಳು. ಒಂದು ಕಂಬಕ್ಕೆ ಬಣ್ಣ ಬಳಿದರೆ ನಾಲ್ಕಕ್ಕೂ ಬಳಿಯಬೇಕು, ಆಮೇಲೆ ಸ್ಲ್ಯಾಬಿಗೂ ಬಳಿಯಬೇಕು. ಆಗ ಅದು ಬೇರೆಯದೇ ಕಟ್ಟಡ. ಕಟ್ಟೆಯ ಜಾಗದಲ್ಲಿ ಕೂತು, "ತೋಡ್‌ನಾ ಪಡೇಗಾ" ಎಂದಳು. ಒಡೆಯಬೇಕು. ಅವಳ ದನಿ ಸಣ್ಣಗಾಗಿತ್ತು.

ಮರುದಿನ ಬೆಳಗ್ಗೆ ನಾಕಾಕ್ಕೆ ಹೋದಾಗ ನೀಲವ್ವ ಅಲ್ಲಿದ್ದಳು, ಬೇರೆ ಮುಕಾದಮನ ಮುಂದೆ ನಿಂತಿದ್ದಳು. ಸೆಂಟ್ರಿಂಗಿನವನೊಬ್ಬ ಹಿಂದಿನಿಂದ ಕೂಗಿದ: "ಏ ಪಿಚಕಾರಿ! ಭಿಂತ ಜಪೂನ್!" ಎಲೆಯ ರಸ ಚಿಮ್ಮಿಸುವವಳೇ, ಗೋಡೆ ನೋಡಿಕೋ ಎಂದು. ಹತ್ತಾರು ಜನ ನಕ್ಕರು. ಆ ಮುಕಾದಮ ಅವಳನ್ನು ಬಿಟ್ಟು ಪಕ್ಕದವಳನ್ನು ಕರೆದುಕೊಂಡು ಹೋದ. ಒಂದೇ ದಿನದಲ್ಲಿ ಅವಳಿಗೆ ಆ ಹೆಸರು ಬಿದ್ದಿತ್ತು.

ನಾನು ಬಾಗಿಗೆ ಬಂದೆ. ಕಂಬ ಒಡೆಯಲು ಬ್ರೇಕರ್ ಮಶೀನು ಬಂದು ನಿಂತಿತ್ತು. ಮಶೀನಿನವನು ವಾಯರು ಬಿಚ್ಚುತ್ತಿದ್ದ. ಮೇಡಂ, ಬಸಣ್ಣ ಇಬ್ಬರೂ ಅಲ್ಲೇ ನಿಂತಿದ್ದರು. ನನ್ನ ಕೈಯಲ್ಲಿ ಎರಡು ವಿಷಯ ಇದ್ದವು: ಕೆಂಪು ಎಲ್ಲಿಂದ ಬಂತು ಎನ್ನುವುದು, ಅದು ಹೇಗೆ ಹೋಗುತ್ತದೆ ಎನ್ನುವುದು. ಎರಡನೆಯದನ್ನು ಹೇಳಬೇಕಾದರೆ ಮೊದಲನೆಯದನ್ನು ಹೇಳಲೇಬೇಕು.

"ತಡೀರಿ" ಎಂದೆ.

ಎಲೆ ಗುಂಡಿಗೆ ಹೋಗಿ ಚೀಲ ಅಗೆದು ತಂದೆ. ಬಿದ್ದಿದ್ದ ಒಂದು ಸಿಮೆಂಟಿನ ಹೊಸ ಚೂರನ್ನು ಒದ್ದೆ ಮಾಡಿ, ಚೀಲದ ಹೊಲಿಗೆಯಿಂದ ಪುಡಿ ಕೊಡವಿ, ಬೆರಳಿನಲ್ಲಿ ತಿಕ್ಕಿದೆ. ಮೇಡಂ ಮುಂದೆ ಹಿಡಿದೆ. ಹಳದಿ ಇದ್ದದ್ದು ನೋಡುತ್ತಿದ್ದಂತೆ ಕೆಂಪಾಯಿತು.

"ಅರಿಶಿಣ ರೀ ಮೇಡಂ. ಉಗುಳು ಅಲ್ಲ. ಚೀಲ ಸುತ್ತಿದಾಕಿ ನಾನು. ಮುಚ್ಚಿಟ್ಟಾಕೀನೂ ನಾನು. ನೀಲವ್ವಂದು ಏನೂ ಇಲ್ಲ."

ಮೇಡಂ ಚೂರು ತೆಗೆದುಕೊಂಡು ನೋಡುತ್ತಿದ್ದಳು. "ಇದು... ನಮ್ಮ ಅಜ್ಜಿ... ಆರತಿ?"

"ಹೌದ್ರಿ. ಅದೇ."

ಬಸಣ್ಣ ಬಾಯಿ ತೆರೆದ. ನನಗೆ ಅವನು ಬೈದ ಮಾತು ಇಲ್ಲಿ ಬರೆಯುವಂಥದ್ದಲ್ಲ, ಬೈಯಬಾರದಿತ್ತು ಎಂದೂ ನಾನು ಹೇಳುವುದಿಲ್ಲ. ಅವನು ಮುಗಿಸುವವರೆಗೆ ನಿಂತಿದ್ದು, ಮೇಡಂಗೆ ಹೇಳಿದೆ: "ಒಡೀಬ್ಯಾಡ್ರಿ. ಅರಿಶಿಣ ಬಿಸಲಿಗೆ ನಿಲ್ಲಂಗಿಲ್ಲ. ಸೀರಿಗೆ ಹತ್ತಿದ್ದು ಒಗದು ಬಿಸಲಿಗೆ ಹಾಕಿದ್ರ ಹೋಗತೈತಿ. ಸ್ಲ್ಯಾಬ್ ಹಾಕಿದ್ರ ನೆರಳ ಬೀಳತೈತಿ, ಆಮ್ಯಾಲ ಹೋಗಂಗಿಲ್ಲ. ಸ್ಲ್ಯಾಬ್ ತಡೀರಿ. ಕಂಬಕ್ಕ ಬಿಸಲ ಕೊಡ್ರಿ."

"ಕಿತ್ನೆ ದಿನ್?"

"ಎರಡ ವಾರ. ಮೂರೂ ಆಗಬಹುದು."

"ಮಳಿ ಬರತೈತಿ ಮೇಡಂ!" ಎಂದ ಬಸಣ್ಣ. "ಈ ಮುದುಕಿ ಮಾತ ಕೇಳಿ ಸ್ಲ್ಯಾಬ್ ಬಿಟ್ಟು ಕೂಡೋದೇನು?"

ಮೇಡಂ ಕಂಬದ ಕಡೆ, ಮಶೀನಿನ ಕಡೆ ನೋಡಿದಳು. "ರುಕೇಂಗೇ" ಎಂದಳು. ಕಾಯೋಣ. ನಂತರ ನನ್ನ ಕಡೆ ತಿರುಗಿ, ಕನ್ನಡದಲ್ಲಿ, ಎಡವದೆ ಕೇಳಿದಳು: "ನೀಲವ್ವನಿಗೆ ಯಾರು ಹೇಳ್ತಾರೆ?"

ಅಂದು ಮಧ್ಯಾಹ್ನ ಕೆಲಸ ಬಿಟ್ಟು ನೀಲವ್ವನ ಖೋಲಿಗೆ ಹೋದೆ. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಒಳಗೆ ಬಾ ಎನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ. ಅವಳು ಅಕ್ಕಿಯಿಂದ ಕೈ ತೆಗೆಯಲಿಲ್ಲ.

"ಬೆಳಿಗ್ಗಿ ಬಿಚ್ಚಿದಾಗ ಗೊತ್ತಾಗಿತ್ತೇನು ನಿನಗ?"

"ಗೊತ್ತಾಗಿತ್ತು."

"ನಾ ಡಬ್ಬಿ ತೋರಿಸಿದಾಗ ಗೊತ್ತಿತ್ತು."

"ಹೌದು."

ಒಂದು ಕಲ್ಲು ಆರಿಸಿ ಹೊರಗೆ ಎಸೆದಳು. "ಮೇಡಂ ಮುಂದ ಹೇಳಿದ್ರ ನನಗೇನು ಬಂತು? ಮೇಡಂ ನನ್ನ ಪಿಚಕಾರಿ ಅನ್ನಾಕತ್ತಿಲ್ಲ. ಅನ್ನಾವ್ರು ನಾಕಾದಾಗ ಅದಾರ. ಅಲ್ಲಿ ನಿಂತು ಹೇಳ."

"ಹೇಳ್ತೀನಿ."

"ಬಸಣ್ಣ ಇದ್ದಾಗ ಹೇಳ. ಗಂಡಸರು ಎಲ್ಲಾ ಇದ್ದಾಗ. ಮೆಲ್ಲಕ ಅಲ್ಲ."

ಮರುದಿನ ಬೆಳಗ್ಗೆ ಹೇಳಿದೆ. ನಾಕಾದ ಚಹಾ ಗಾಡಿಯ ಪಕ್ಕದ ಕಲ್ಲಿನ ಮೇಲೆ ಹತ್ತಿ ನಿಂತೆ. ಕನ್ನಡದಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಹೇಳಿದೆ. ಕಂಬ ಕೆಡಿಸಿದ್ದು ನಾನು, ಅರಿಶಿನದ ಚೀಲ ಸುತ್ತಿದ್ದು ನಾನು, ನೀಲವ್ವನ ಮೇಲೆ ಹಾಕಿ ಸುಮ್ಮನೆ ನಿಂತಿದ್ದು ನಾನು. ಜನ ಕೇಳಿದರು. ಚಹಾ ಕುಡಿಯುವವರು ಕುಡಿಯುತ್ತಲೇ ಕೇಳಿದರು. ಯಾರೋ ಒಬ್ಬ "ಹಳದಿ ಬಾಯಿ" ಎಂದ, ಅರಿಶಿನದ ಹೆಂಗಸು ಎಂದು, ನಕ್ಕರು. ನೀಲವ್ವ ಎದುರು ಬದಿಯ ಬಸ್ ಸ್ಟಾಪಿನಲ್ಲಿ ನಿಂತು ಕೊನೆಯವರೆಗೆ ಕೇಳಿ, ಬಸ್ಸು ಬಂದಾಗ ಹತ್ತಿ ಹೋದಳು.

ಬಸಣ್ಣ ಅವಳಿಗೆ ಮತ್ತೆ ಹೇಳಿ ಕಳಿಸಿದ. ಬರಲಿಲ್ಲ. ಮಾಟುಂಗಾದಲ್ಲಿ ಉಡುಪಿಯವರ ಒಂದು ಹೋಟೆಲಿನಲ್ಲಿ ಅಕ್ಕಿ ಬೇಳೆ ಆರಿಸುವ, ತೆಂಗಿನಕಾಯಿ ತುರಿಯುವ ಕೆಲಸ ಹಿಡಿದಳು. ಸೈಟಿನ ಕೆಲಸಕ್ಕೆ ಆಮೇಲೆ ಕಾಲಿಡಲಿಲ್ಲ.

ಕಂಬಕ್ಕೆ ಬಿಸಿಲು ಕೊಟ್ಟೆವು. ಬಟ್ಟೆ ಸುತ್ತದೆ, ಗಳಿಗೆಗೊಮ್ಮೆ ಕೈಯಿಂದ ನೀರು ಚಿಮುಕಿಸುತ್ತ ದಿನವಿಡೀ ಅದರ ಮುಂದೆ ಕೂತಿದ್ದೆ. ಮೇಡಂ ದಿನಾ ಬಂದು ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದಳು, ನಿನ್ನೆಯದರ ಪಕ್ಕ ಇಟ್ಟು ತೋರಿಸುತ್ತಿದ್ದಳು. ಕುಂಕುಮದ ಕೆಂಪು ಮೊದಲು ಇಟ್ಟಿಗೆಯ ಬಣ್ಣವಾಯಿತು, ಆಮೇಲೆ ಹಳೆಯ ಪಂಚೆಯ ಬಣ್ಣ. ಹತ್ತೊಂಬತ್ತನೆಯ ದಿನ ನಾಲ್ಕು ಕಂಬಗಳ ಮಧ್ಯೆ ನಿಂತು, "ಮೌಶಿ, ಯಾವುದು ಅಂತ ನನಗೇ ತಿಳಿವಲ್ದು" ಎಂದಳು. ನನಗೆ ತಿಳಿಯುತ್ತಿತ್ತು. ಮಳೆ ಬೀಳುವ ಮೊದಲು ಸ್ಲ್ಯಾಬು ಹಾಕಿ ಮುಗಿಸಿದೆವು. ಅದಕ್ಕೆ ಬಿಳಿ ಬಟ್ಟೆ ಹಾಸಿ ಹದಿನಾಲ್ಕು ದಿನ ನೀರು ಹೊಡೆದೆ. ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ.

ನಾಕಾದಲ್ಲಿ ನನಗೆ ಬಿದ್ದ ಹಳದಿ ಬಾಯಿ ಎಂಬ ಹೆಸರು ವಾರದೊಳಗೆ ಮರೆತುಹೋಯಿತು. ನೀಲವ್ವನದು ಮರೆಯಲಿಲ್ಲ. ಅವಳು ಅಲ್ಲಿಗೆ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷದ ಮೇಲೆ, ಅವಳ ಮುಖವನ್ನೇ ನೋಡದ ಹುಡುಗಿಯೊಬ್ಬಳು "ಆ ಪಿಚಕಾರಿ ಬಾಯಿ ಕಂಬಕ್ಕ ಉಗುಳಿದ್ಳಂತಲ್ಲ" ಎಂದು ನನ್ನ ಮುಂದೆಯೇ ಹೇಳಿದಳು. ಕಲ್ಲಿನ ಮೇಲೆ ಹತ್ತಿ ಹೇಳಿದ್ದು ಯಾರಿಗೂ ನೆನಪಿಲ್ಲ. ನಾನು "ನನಗೇನ ಗೊತ್ತು" ಎಂದದ್ದು ಮಾತ್ರ ಉಳಿದಿದೆ, ಅದು ನನ್ನ ಮಾತು ಎಂದು ಯಾರಿಗೂ ಗೊತ್ತಿಲ್ಲದ ಹಾಗೆ.

ನೀವು ಈಗ ಹೋಗುವ ಸೈಟುಗಳಲ್ಲಿ ಗೋಣಿ ಸಿಗುವುದು ಕಡಿಮೆ. ಡಬ್ಬದಿಂದ ಬಿಳಿ ಎಣ್ಣೆಯಂಥದ್ದು ಸಿಂಪಡಿಸುತ್ತಾರೆ, ಪ್ಲಾಸ್ಟಿಕ್ ಹಾಳೆ ಸುತ್ತುತ್ತಾರೆ. ಮೂಸುವ, ನೆಕ್ಕುವ ಕೆಲಸ ನಿಮಗಿಲ್ಲ. ಆದರೆ ಪ್ಲಾಸ್ಟರ್ ಇಲ್ಲದ ಕಟ್ಟಡಗಳು ಹೆಚ್ಚುತ್ತಿವೆ. ನಿಮ್ಮ ಕೈ ತಪ್ಪುತ್ತದೆ, ತಪ್ಪದ ಕೈ ಇಲ್ಲ. ತಪ್ಪಿದ ಕೂಡಲೇ ಹೇಳಿ. ಮಾರನೆಯ ದಿನ ಹೇಳಿದರೆ ಕಂಬ ಉಳಿಯಬಹುದು, ಅಷ್ಟೇ.

ಹೋದ ಮಳೆಗಾಲ ನೀಲವ್ವ ತಾನಾಗಿ ಬಂದಳು. ಸಯನ್ ಆಸ್ಪತ್ರೆಗೆ ಕಣ್ಣು ತೋರಿಸಲು ಬಂದವಳು, ನನ್ನನ್ನು ಕರೆದು, "ಆ ಮಂಟಪ ನಾ ಪೂರಾ ಆದಮ್ಯಾಲ ನೋಡೇ ಇಲ್ಲ, ನಡಿ" ಎಂದಳು. ಇಬ್ಬರೂ ನಿಧಾನವಾಗಿ ಹೋದೆವು. ನಾವು ಮುಟ್ಟುವಾಗ ಮಳೆ ಜೋರಾಯಿತು. ಕಂಬದೊಳಗಿನ ಪೈಪಿಗೆ ಹಿಡಿಸದೆ ಸ್ಲ್ಯಾಬಿನ ನಾಲ್ಕೂ ಅಂಚಿನಿಂದ ನೀರು ನೇರ ಗೆರೆಯಾಗಿ ಇಳಿಯುತ್ತಿತ್ತು. ಒಳಗೆ ಒಂದು ಹನಿ ಇಲ್ಲ. ಕಾಲೇಜಿನ ನಾಲ್ಕು ಹುಡುಗಿಯರು ಕಂಬಕ್ಕೆ ಒರಗಿ ನಿಂತಿದ್ದರು, ಮುದುಕನೊಬ್ಬ ಕಟ್ಟೆಯ ತುದಿಯಲ್ಲಿ ಮಲಗಿದ್ದ. ಕೂತೆವು. ಎದುರಿಗೆ ಮಳೆಮರ ಮಾತ್ರ ಕಾಣುತ್ತಿತ್ತು. ಗೋಡೆ ಯಾಕಿಲ್ಲ ಎಂಬುದು ನನಗೆ ಅಂದು ತಿಳಿಯಿತು.

"ಯಾವುದದು?" ಎಂದು ಕೇಳಿದಳು ನೀಲವ್ವ.

ತೋರಿಸಿದೆ. ಎದ್ದು ಹೋಗಿ, ಹುಡುಗಿಯರನ್ನು ಸರಿಸಿ, ಸೊಂಟದೆತ್ತರದಲ್ಲಿ ಹೆಬ್ಬೆರಳಿನಿಂದ ತಿಕ್ಕಿದಳು. ಹೆಬ್ಬೆರಳು ಮೂಸಿ ನೋಡಿದಳು. ಕಣ್ಣು ಹತ್ತಿರ ಒಯ್ದು ನೋಡಿದಳು.

"ಏನೂ ಇಲ್ಲಲ್ಲ."

"ಇಲ್ಲ" ಎಂದೆ.

ವಾಪಸು ಬಂದು ಕೂತಳು. ಬಾಯಲ್ಲಿ ಎಲೆ ಅಡಿಕೆ ಇತ್ತು. ಚೀಲದಿಂದ ಡಬ್ಬಿ ತೆಗೆದಳು. ಅದೇ ಪೌಡರ್ ಡಬ್ಬಿ, ಮೇಲಿನ ಬಣ್ಣವೆಲ್ಲ ಹೋಗಿ ಬರಿಯ ತಗಡು ಉಳಿದಿತ್ತು. ಆಚೆ ತಿರುಗಿ ಉಗುಳಿ, ಮುಚ್ಚಳ ಬಿಗಿದಳು. ನಂತರ ಅದನ್ನು ಚೀಲದೊಳಗೆ ಇಡಲಿಲ್ಲ. ಕಟ್ಟೆಯ ಮೇಲೆ, ನಮ್ಮಿಬ್ಬರ ನಡುವೆ, ನನಗೆ ಕಾಣುವಂತೆ ಇಟ್ಟಳು. ಮಳೆ ನಿಲ್ಲುವವರೆಗೆ ಅದು ಅಲ್ಲೇ ಇತ್ತು.